ಕಲ್ಲು ಓದಿದ ಲೂ ಹೂವರ್

(ನಮ್ಮ ಊರಿನ ಗ್ರಂಥಾಲಯದಲ್ಲಿ ತಿಂಗಳಿಗೊಮ್ಮೆ ನಡೆಯುವ ಮಾತುಕತೆಯಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಮಾತಿನ ಧಾಟಿಯನ್ನು ಜಾಸ್ತಿ ತಿದ್ದಲು ಹೋಗಿಲ್ಲ.)

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಅಧ್ಯಕ್ಷರ ಹೆಂಡತಿಯರಲ್ಲಿ ಒಬ್ಬರ ಬಗ್ಗೆ ಮಾತಾಡಿ ಅಂತ ಕೇಳಿದಾಗ ನಾನು ಲೂ ಹೂವರ್ ಹೆಸರು ಹೇಳಿದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಮೇಡಂ, ಜಾಕ್ವೆಲಿನ್ ಕೆನಡಿ ಬಗ್ಗೆ ಆಗಲ್ವಾ?" ಅಂದರು. ಆಗುತ್ತೆ. ಆದರೆ ಜಾಕ್ವೆಲಿನ್ ಬಗ್ಗೆ ಹೇಳಲು ಬೇಕಾದಷ್ಟು ಜನ ಇದ್ದಾರೆ. ಲೂ ಬಗ್ಗೆ ಹೇಳಲು ನನಗೊಂದು ಕಾರಣ ಇದೆ. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ನಾನು ಭೂವಿಜ್ಞಾನ ಕಲಿಸಿಕೊಂಡು ಬದುಕಿದವಳು. ಎಂಎಸ್ಸಿ ಓದುವಾಗ ನಮ್ಮ ಬ್ಯಾಚಿನಲ್ಲಿ ಹುಡುಗಿಯರು ಇಬ್ಬರೇ. ಒಮ್ಮೆ ಎಲ್ಲರನ್ನೂ ಒಂದು ಗಣಿ ನೋಡಲು ಕರೆದುಕೊಂಡು ಹೋದರು. ಹುಡುಗರು ಹೆಲ್ಮೆಟ್ಟಿಗೆ ದೀಪ ಸಿಕ್ಕಿಸಿಕೊಂಡು ಕೇಜಿನಲ್ಲಿ, ಅಂದರೆ ಗಣಿಯ ಲಿಫ್ಟಿನಲ್ಲಿ, ಕೆಳಗೆ ಇಳಿದರು. ನಮ್ಮಿಬ್ಬರನ್ನು ಮೇಲೆ ಆಫೀಸಿನಲ್ಲಿ ಕೂರಿಸಿ ಟೀ ಕೊಟ್ಟರು. 1952ರ ಗಣಿ ಕಾಯ್ದೆಯ ಪ್ರಕಾರ ಹೆಂಗಸರನ್ನು ನೆಲದಡಿಯ ಕೆಲಸಕ್ಕೆ ಹಾಕುವಂತಿರಲಿಲ್ಲ. ನಾವು ಕೆಲಸಕ್ಕೆ ಬಂದವರಲ್ಲ ಸಾರ್, ನೋಡಲು ಬಂದವರು ಅಂತ ಹೇಳಿ ನೋಡಿದೆವು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ನಿಯಮ ಸಡಿಲವಾಗಿದ್ದು 2019ರಲ್ಲಿ. ಅಷ್ಟು ಹೊತ್ತಿಗೆ ನಾನು ರಿಟೈರ್ ಆಗಿ ಮೊಮ್ಮಗನ ಹೋಂವರ್ಕ್ ನೋಡುತ್ತಿದ್ದೆ.

ಅವತ್ತು ಹುಡುಗರು ಮೇಲೆ ಬರಲು ಮೂರು ಗಂಟೆ ಹಿಡಿಯಿತು. ಹೊತ್ತು ಹೋಗದೆ ಆಫೀಸಿನ ಗಾಜಿನ ಬೀರುವಿನಲ್ಲಿದ್ದ ಪುಸ್ತಕ ತೆಗೆದೆ. ದಪ್ಪ ಪುಸ್ತಕ. ಒಳಗೆ ಹಳೇ ಕಾಲದ ಗಣಿಗಳ ಚಿತ್ರಗಳು. ಹೆಸರು ಡಿ ರೆ ಮೆಟಾಲಿಕಾ. ಲ್ಯಾಟಿನ್ನಿಂದ ಇಂಗ್ಲಿಷಿಗೆ ಅನುವಾದಿಸಿದವರು ಹರ್ಬರ್ಟ್ ಕ್ಲಾರ್ಕ್ ಹೂವರ್ ಮತ್ತು ಲೂ ಹೆನ್ರಿ ಹೂವರ್ ಅಂತ ಇತ್ತು. ಹೂವರ್ ಅಂದರೆ ಅಮೆರಿಕದ ಅಧ್ಯಕ್ಷ ಅಂತ ಗೊತ್ತಿತ್ತು. ಲೂ ಅಂದರೆ ಅವನ ತಮ್ಮನಿರಬೇಕು ಅಂದುಕೊಂಡೆ! ಹೆಂಡತಿ ಅಂತ ಗೊತ್ತಾಗಿದ್ದು ಎಷ್ಟೋ ದಿನ ಆದಮೇಲೆ. ಆವತ್ತಿನಿಂದ ಈಕೆಯ ಬೆನ್ನು ಹತ್ತಿದ್ದೇನೆ. ಮರ್ಯಾದೆಗೆ 'ಅವರು' ಅನ್ನಬೇಕು. ಆದರೆ ಇಷ್ಟು ವರ್ಷದ ಒಡನಾಟ ಆದಮೇಲೆ ಬಾಯಿಗೆ 'ಅವಳು' ಅಂತಲೇ ಬರುತ್ತೆ. ಕ್ಷಮಿಸಿ.

ಲೂ ಹೆನ್ರಿ ಹುಟ್ಟಿದ್ದು 1874ರ ಮಾರ್ಚ್ 29ರಂದು, ಅಯೋವಾ ರಾಜ್ಯದ ವಾಟರ್ಲೂ ಊರಿನಲ್ಲಿ. ಅಪ್ಪ ಬ್ಯಾಂಕಿನವನು. ಮಗಳನ್ನು ಕುದುರೆ ಹತ್ತಿಸಿದ, ಕಾಡಿಗೆ ಕರೆದುಕೊಂಡು ಹೋಗಿ ಡೇರೆ ಹಾಕುವುದನ್ನು ಕಲಿಸಿದ. ಆಮೇಲೆ ಸಂಸಾರ ಕ್ಯಾಲಿಫೋರ್ನಿಯಾಕ್ಕೆ ಬಂತು. ಮೊದಲು ವಿಟಿಯರ್, ಆಮೇಲೆ ಸಮುದ್ರದ ಪಕ್ಕದ ಮಾಂಟೆರೆ. ಲೂ ಟೀಚರ್ ಟ್ರೇನಿಂಗ್ ಮುಗಿಸಿದಳು. ಆ ಕಾಲದಲ್ಲಿ ಓದಿದ ಹುಡುಗಿಗೆ ಇದ್ದ ದಾರಿ ಅದೇ. ನಮ್ಮ ಅಮ್ಮಂದಿರ ಕಾಲದಲ್ಲೂ ಅಷ್ಟೇ ಅಲ್ವಾ, ಒಂದೋ ಟೀಚರ್, ಇಲ್ಲ ನರ್ಸ್.

1894ರಲ್ಲಿ ಒಂದು ಉಪನ್ಯಾಸ ಕೇಳಲು ಹೋದಳು. ಮಾತಾಡಿದವನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಭೂವಿಜ್ಞಾನದ ಪ್ರೊಫೆಸರ್ ಜಾನ್ ಕ್ಯಾಸ್ಪರ್ ಬ್ರ್ಯಾನರ್. ವಿಷಯ ಕಲ್ಲು. ಕೇಳಿದವಳೇ ಅದೇ ವರ್ಷ ಹೋಗಿ ಸ್ಟ್ಯಾನ್‌ಫರ್ಡಿಗೆ ಸೇರಿದಳು. ಆ ವಿಭಾಗಕ್ಕೆ ಅವಳೊಬ್ಬಳೇ ಹುಡುಗಿ. (ನೋಡಿ, ಸಂಜೆ ಹೊತ್ತು ಉಪನ್ಯಾಸಕ್ಕೆ ಬಂದು ಕೂರುವುದರಿಂದ ಏನೇನೋ ಆಗಬಹುದು. ಹುಷಾರಾಗಿರಿ.)

ಬ್ರ್ಯಾನರ್‌ನ ಲ್ಯಾಬಿನಲ್ಲಿ ಕೊನೇ ವರ್ಷದ ಹುಡುಗನೊಬ್ಬ ಇದ್ದ. ಅವನೂ ಅಯೋವಾದವನೇ, ಅವಳದೇ ವಯಸ್ಸು. ಚಿಕ್ಕಂದಿನಲ್ಲೇ ಅಪ್ಪ ಅಮ್ಮನನ್ನು ಕಳೆದುಕೊಂಡು ನೆಂಟರ ಮನೆಯಲ್ಲಿ ಬೆಳೆದವನು. ಮಾತು ಕಮ್ಮಿ. ಅವನೇ ಹರ್ಬರ್ಟ್. 1895ರಲ್ಲಿ ಡಿಗ್ರಿ ಮುಗಿಸಿ ಗಣಿಯಲ್ಲಿ ಕೂಲಿ ಕೆಲಸಕ್ಕೆ ಸೇರಿದ. ಎರಡು ವರ್ಷದಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಚಿನ್ನದ ಗಣಿಗಳಲ್ಲಿ ಎಂಜಿನಿಯರ್ ಆಗಿದ್ದ. ಲೂ 1898ರಲ್ಲಿ ಅದೇ ಡಿಗ್ರಿ ತೆಗೆದುಕೊಂಡಳು. ಅದೇ ಲ್ಯಾಬು, ಅದೇ ಮೇಷ್ಟ್ರು. ಆದರೆ ಹೆಂಗಸನ್ನು ಗಣಿ ಕೆಲಸಕ್ಕೆ ಕರೆಯುವವರು ಯಾರೂ ಇರಲಿಲ್ಲ. ವಾಪಸ್ ಅಪ್ಪನ ಮನೆಗೆ ಬಂದಳು.

ಇಷ್ಟರಲ್ಲಿ ಹರ್ಬರ್ಟ್‌ಗೆ ಚೀನಾದಲ್ಲಿ ದೊಡ್ಡ ಕೆಲಸ ಸಿಕ್ಕಿತು. ಆಸ್ಟ್ರೇಲಿಯಾದಿಂದಲೇ ತಂತಿ ಹೊಡೆದು, ಮದುವೆ ಆಗ್ತೀಯಾ ಅಂತ ಕೇಳಿದ. ಇವಳೂ ತಂತಿಯಲ್ಲೇ ಹೂಂ ಅಂದಳು. 1899ರ ಫೆಬ್ರವರಿ 10ರಂದು ಮಾಂಟೆರೆಯ ಅಪ್ಪನ ಮನೆಯಲ್ಲಿ ಮದುವೆ. ಹುಡುಗ ಕ್ವೇಕರ್, ಹುಡುಗಿ ಎಪಿಸ್ಕೋಪಲ್, ಮದುವೆ ಮಾಡಿಸಿದವನು ಕ್ಯಾಥೊಲಿಕ್ ಪಾದ್ರಿ (ಮೂರೂ ಕ್ರೈಸ್ತರ ಬೇರೆ ಬೇರೆ ಪಂಗಡ). ಮಾರನೇ ದಿನವೇ ಹಡಗು ಹತ್ತಿದರು. ಮೇಲ್ನೋಟಕ್ಕೆ ಗಂಡನ ಹಿಂದೆ ಹೊರಟ ಹೆಂಡತಿ. ಆದರೆ ಹಾಗೆ ಹೊರಟಿದ್ದರಿಂದಲೇ ಅವಳು ಗಣಿಗಳ ಹತ್ತಿರ ಹೋಗಲು ಸಾಧ್ಯವಾಯಿತು. ನೌಕರಿ ಕೊಡದ ಗಣಿಯವರು ಎಂಜಿನಿಯರನ ಹೆಂಡತಿಯನ್ನು ತಡೆಯಲಿಲ್ಲ.

ಚೀನಾದಲ್ಲಿ ಅವರಿದ್ದದ್ದು ತಿಯಾನ್‌ಜಿನ್ ನಗರದಲ್ಲಿ. ಹೋದವಳೇ ಮೇಷ್ಟ್ರನ್ನು ಇಟ್ಟುಕೊಂಡು ಚೀನೀ ಭಾಷೆ ಕಲಿಯಲು ಕೂತಳು. ಹರ್ಬರ್ಟ್‌ಗೆ ನೂರು ಪದದ ಮೇಲೆ ಹತ್ತಲೇ ಇಲ್ಲ. ಮುಂದೆ ಜೀವನ ಪೂರ್ತಿ, ಶ್ವೇತಭವನದಲ್ಲೂ, ಪಕ್ಕದವರಿಗೆ ತಿಳಿಯಬಾರದ ಮಾತಿದ್ದರೆ ಲೂ ಆ ನೂರು ಪದಗಳಲ್ಲೇ ಗಂಡನ ಕಿವಿಯಲ್ಲಿ ಹೇಳುತ್ತಿದ್ದಳಂತೆ. ಬೆಂಗಳೂರಿನ ಆಟೋದಲ್ಲಿ ಕೂತು ತುಳುವಿನಲ್ಲಿ, ಕೊಂಕಣಿಯಲ್ಲಿ ಮಾತಾಡಿಕೊಳ್ಳುವ ಗಂಡ ಹೆಂಡತಿಯರಿಗೆ ಈ ಸುಖ ಗೊತ್ತಿರುತ್ತೆ.

1900ರ ಜೂನ್‌ನಲ್ಲಿ, ವಿದೇಶಿಯರ ವಿರುದ್ಧ ಚೀನೀಯರು ಎದ್ದ ಬಾಕ್ಸರ್ ದಂಗೆ ಆ ಊರಿಗೆ ಬಂತು. ವಿದೇಶಿಯರ ಬಡಾವಣೆಯನ್ನು ಸುಮಾರು ಒಂದು ತಿಂಗಳು ಮುತ್ತಿಗೆ ಹಾಕಿದ್ದರು. ಲೂ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ಸೈಕಲ್ಲಿನಲ್ಲಿ ಆಸ್ಪತ್ರೆಗೆ ಹೋಗಿ ಗಾಯಾಳುಗಳನ್ನು ನೋಡಿಕೊಳ್ಳುತ್ತಿದ್ದಳು. ಒಂದು ದಿನ ಗುಂಡು ತಗುಲಿ ಟೈರು ಹೋಯಿತು. ಮಕ್ಕಳಿಗೆ ಹಾಲು ಬೇಕಲ್ಲ, ಒಂದಿಷ್ಟು ಹಸುಗಳ ಉಸ್ತುವಾರಿಯನ್ನೂ ವಹಿಸಿಕೊಂಡಳು. ಈ ಕಥೆಗಳನ್ನು ಹೇಳುವವರು ಸಾಹಸದ ಮೇಲೆ ಒತ್ತು ಕೊಡುತ್ತಾರೆ. ಆ ಬಡಾವಣೆ ಅಲ್ಲಿ ಯಾಕಿತ್ತು, ಚೀನೀಯರಿಗೆ ಯಾಕೆ ಸಿಟ್ಟು ಬಂತು ಅನ್ನುವುದನ್ನೂ ಕೇಳಬೇಕು. ಹೊರಗಿನ ದೇಶಗಳು ಚೀನಾದ ಬಂದರು, ರೈಲು, ಗಣಿಗಳನ್ನು ಹಂಚಿಕೊಂಡು ಕೂತಿದ್ದ ಕಾಲ ಅದು. ಹರ್ಬರ್ಟ್ ಅಲ್ಲಿಗೆ ಹೋಗಿದ್ದೇ ಗಣಿ ಕೆಲಸಕ್ಕೆ. ಲೂ ಧೈರ್ಯಸ್ಥೆ, ಅನುಮಾನ ಇಲ್ಲ. ಆದರೆ ಯಾವ ಗೋಡೆಯ ಒಳಗೆ ನಿಂತು ಧೈರ್ಯ ತೋರಿಸಿದಳು ಅನ್ನುವುದನ್ನು ವಸಾಹತು ಕಂಡ ನಾವು ಮರೆಯೋಕಾಗಲ್ಲ.

ಮುಂದಿನ ಹತ್ತು ಹನ್ನೆರಡು ವರ್ಷ ಹಡಗಿನಲ್ಲೇ ಕಳೆಯಿತು ಅನ್ನಬಹುದು. ಲಂಡನ್ನಿನಲ್ಲಿ ಮನೆ. ಆಸ್ಟ್ರೇಲಿಯಾ, ಬರ್ಮಾ, ರಷ್ಯಾ, ಎಲ್ಲಿ ಗಣಿಯೋ ಅಲ್ಲಿಗೆ ಪ್ರಯಾಣ. 1903ರಲ್ಲಿ ಒಬ್ಬ ಮಗ, 1907ರಲ್ಲಿ ಇನ್ನೊಬ್ಬ. ಗಂಡ ಶ್ರೀಮಂತನಾದ.

ಈಗ ಗಣಿ ಆಫೀಸಿನಲ್ಲಿ ನಾನು ಕಂಡ ಆ ಪುಸ್ತಕಕ್ಕೆ, ಡಿ ರೆ ಮೆಟಾಲಿಕಾಕ್ಕೆ, ಬರುತ್ತೇನೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡಿದರೆ ಬೇಜಾರು ಮಾಡಿಕೊಳ್ಳಬೇಡಿ.

ಜರ್ಮನಿಯಲ್ಲಿ ಗಿಯೋರ್ಗ್ ಬಾವರ್ ಅಂತ ಒಬ್ಬ ವೈದ್ಯ ಇದ್ದ. ಬಾವರ್ ಅಂದರೆ ರೈತ. ಆಗಿನ ಪಂಡಿತರ ರೂಢಿಯಂತೆ ಹೆಸರನ್ನು ಲ್ಯಾಟಿನ್ನಿಗೆ ತಿರುಗಿಸಿ ಜಾರ್ಜಿಯಸ್ ಅಗ್ರಿಕೋಲಾ ಆದ. ಬೊಹೀಮಿಯಾದ ಯೋಆಖಿಮ್ಸ್‌ತಾಲ್ ಅನ್ನುವ ಬೆಳ್ಳಿ ಗಣಿಯ ಊರಿನಲ್ಲಿ ವೈದ್ಯನಾಗಿದ್ದ. ಆ ಊರಿನ ಬೆಳ್ಳಿ ನಾಣ್ಯಕ್ಕೆ ತಾಲರ್ ಅನ್ನುತ್ತಿದ್ದರು. ಇವತ್ತಿನ ಡಾಲರ್ ಅನ್ನುವ ಪದ ಬಂದಿದ್ದು ಅಲ್ಲಿಂದಲೇ. ಗಣಿಯವರಿಗೆ ಮದ್ದು ಕೊಡುತ್ತಾ ಕೊಡುತ್ತಾ ಇವನು ಗಣಿಯನ್ನೇ ಕಲಿತ. ಅದಿರು ಹುಡುಕುವುದು, ಬಾವಿ ತೋಡುವುದು, ನೀರು ಎತ್ತುವುದು, ಪುಡಿ ಮಾಡುವುದು, ತೊಳೆಯುವುದು, ಕರಗಿಸುವುದು, ಎಲ್ಲವನ್ನೂ 12 ಭಾಗಗಳಲ್ಲಿ ಬರೆದ. ಪುಸ್ತಕ ಅಚ್ಚಾಗಿದ್ದು 1556ರಲ್ಲಿ, ಅವನು ಸತ್ತ ಮರುವರ್ಷ.

ತೊಂದರೆ ಇದ್ದದ್ದು ಭಾಷೆಯಲ್ಲಿ. ಜರ್ಮನ್ ಗಣಿಗಾರನ ಬಾಯಲ್ಲಿ ಇದ್ದ ಪದಗಳಿಗೆ ಲ್ಯಾಟಿನ್ನಿನಲ್ಲಿ ಹೆಸರೇ ಇರಲಿಲ್ಲ. ಅಗ್ರಿಕೋಲಾ ತಾನೇ ಪದ ಕಟ್ಟಿದ. ಒಂದು ಉದಾಹರಣೆ ಕೊಡುತ್ತೇನೆ. ಕುಲುಮೆಗೆ ಹಾಕಿದರೆ ಬೇಗ ಕರಗಿ, ಉಳಿದದ್ದನ್ನೂ ನೀರಾಗಿಸುವ ಒಂದು ಬಗೆಯ ಕಲ್ಲು ಇದೆ. ಹರಿಯುವುದು ಅನ್ನುವ ಅರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಫ್ಲೂವೋರೆಸ್ ಅಂದ. ಅಲ್ಲಿಂದ ಫ್ಲೋರಿನ್ ಬಂತು, ಫ್ಲೋರೈಡ್ ಬಂತು. ಪಾವಗಡದ, ಕೋಲಾರದ ಕೊಳವೆಬಾವಿ ನೀರು ಕುಡಿದವರ ಹಲ್ಲು ಕಂದಾಗಿಸುತ್ತದಲ್ಲ, ಅದೇ ಫ್ಲೋರೈಡ್.

ಮುನ್ನೂರೈವತ್ತು ವರ್ಷ ಆದಮೇಲೆ ಆ ಕಟ್ಟಿದ ಪದಗಳನ್ನು ಬಿಚ್ಚುವುದು ಹೇಗೆ? ಲ್ಯಾಟಿನ್ ಪಂಡಿತರಿಗೆ ಗಣಿ ಗೊತ್ತಿಲ್ಲ. ಗಣಿ ಎಂಜಿನಿಯರಿಗೆ ಲ್ಯಾಟಿನ್ ಬರಲ್ಲ. ಹಾಗಾಗಿ ಸರಿಯಾದ ಇಂಗ್ಲಿಷ್ ಅನುವಾದ ಬಂದೇ ಇರಲಿಲ್ಲ. ಎರಡೂ ಗೊತ್ತಿದ್ದವಳು ಲಂಡನ್ನಿನಲ್ಲಿ ಚಿಕ್ಕ ಮಕ್ಕಳನ್ನು ಸಾಕಿಕೊಂಡು ಇದ್ದಳು.

ಗಂಡ ಹೆಂಡತಿ ಸೇರಿ ಸುಮಾರು ಐದು ವರ್ಷ ಕೂತರು. ಲ್ಯಾಟಿನ್ನಿನ ಭಾರ ಹೆಚ್ಚಾಗಿ ಲೂ ಮೇಲಿತ್ತು. ಒಂದು ವಾಕ್ಯ ಅರ್ಥವಾಗದಿದ್ದರೆ ಅಗ್ರಿಕೋಲಾ ಹೇಳಿದ ಪ್ರಯೋಗವನ್ನು ಮಾಡಿಯೇ ನೋಡುತ್ತಿದ್ದರು. ಏನು ಬೆರೆಸಿದರೆ ಏನು ಬರುತ್ತೆ ಅಂತ ಕಂಡಮೇಲೆ, ಓಹೋ ಈ ಪದಕ್ಕೆ ಈ ಖನಿಜ ಅಂತ ತೀರ್ಮಾನ. ಕನ್ನಡದಲ್ಲಿ ವಿಜ್ಞಾನ ಬರೆಯಲು ಕೂತವರಿಗೆ ಈ ಪಾಡು ಗೊತ್ತು. ಬಂಡೆಯ ಪದರ ಬಿರಿದು ಜರುಗಿದ ಜಾಗಕ್ಕೆ ಫಾಲ್ಟ್ ಅನ್ನುತ್ತೇವೆ. ಅದಕ್ಕೆ ಪಠ್ಯಪುಸ್ತಕದಲ್ಲಿ ಸ್ತರಭಂಗ ಅಂತ ಇದೆ. ನಾನೂ ಕ್ಲಾಸಿನಲ್ಲಿ ಹಾಗೇ ಬರೆಸುತ್ತಿದ್ದೆ. ಆದರೆ ಬಂಡೆ ಮುಂದೆ ನಿಂತಾಗ, "ನೋಡ್ರೋ, ಇಲ್ಲಿ ಫಾಲ್ಟ್ ಹೋಗಿದೆ" ಅಂತಲೇ ಬಾಯಿಗೆ ಬರುತ್ತಿತ್ತು. ಪುಸ್ತಕದ ಪದಕ್ಕೂ ಕಲ್ಲಿನ ಮುಂದಿನ ಪದಕ್ಕೂ ನಡುವೆ ಇರುವ ಆ ಜಾಗದಲ್ಲಿ ಲೂ ಐದು ವರ್ಷ ಇದ್ದಳು. ಅದಕ್ಕೇ ನನಗೆ ಅವಳ ಮೇಲೆ ಇಷ್ಟು ಪ್ರೀತಿ.

1912ರಲ್ಲಿ ಪುಸ್ತಕ ಬಂತು. 3000 ಪ್ರತಿ. ಮೂಲದ ಸುಮಾರು 290 ಚಿತ್ರಗಳನ್ನೂ ಹಾಕಿ, ಹಳೇ ಪುಸ್ತಕದ ರೂಪದಲ್ಲೇ ಅಚ್ಚು ಹಾಕಿಸಿದರು. ಖರ್ಚಿಗಿಂತ ಕಡಿಮೆ ಬೆಲೆ ಇಟ್ಟರು, ಬಹಳಷ್ಟನ್ನು ಸುಮ್ನೆ ಹಂಚಿದರು. ಅರ್ಪಣೆ ಮೇಷ್ಟ್ರು ಬ್ರ್ಯಾನರ್‌ಗೆ. ಎರಡು ವರ್ಷದ ನಂತರ ಅಮೆರಿಕದ ಗಣಿ ಮತ್ತು ಲೋಹಶಾಸ್ತ್ರ ಸಂಘ ತನ್ನ ಮೊದಲ ಚಿನ್ನದ ಪದಕವನ್ನು ಈ ಕೆಲಸಕ್ಕಾಗಿ ಇಬ್ಬರಿಗೂ ಸೇರಿಸಿ ಕೊಟ್ಟಿತು. ಕೆಲಸಕ್ಕೆ ಕರೆಯದ ಜನ ಪದಕ ಕೊಟ್ಟರು!

ಮೊದಲ ಮಹಾಯುದ್ಧದ ಕಥೆ ಬೇಗ ಹೇಳಿ ಮುಗಿಸುತ್ತೇನೆ. 1914ರಲ್ಲಿ ಯುರೋಪಿನಲ್ಲಿ ಸಿಕ್ಕಿಬಿದ್ದ ಸುಮಾರು 1,20,000 ಅಮೆರಿಕನ್ನರನ್ನು ಊರಿಗೆ ಕಳಿಸಲು ಹರ್ಬರ್ಟ್ ನಿಂತ. ಒಂಟಿಯಾಗಿ ಬಂದಿದ್ದ ಹೆಂಗಸರು, ಮಕ್ಕಳ ಜವಾಬ್ದಾರಿ ಲೂಗೆ. ಆಮೇಲೆ ಹಸಿದ ಬೆಲ್ಜಿಯಂಗೆ ಆಹಾರ ಕಳಿಸುವ ಕೆಲಸ. ಲೂ ಊರೂರು ತಿರುಗಿ ಹಣ ಎತ್ತಿದಳು, ಅಲ್ಲಿನ ಲೇಸ್ ಹೆಣೆಯುವ ಹೆಂಗಸರ ಕಸುಬು ಉಳಿಯಲು ನೆರವಾದಳು. 1919ರಲ್ಲಿ ಬೆಲ್ಜಿಯಂ ದೊರೆ ಆಕೆಗೆ ಗೌರವ ಪದಕ ಕೊಟ್ಟ. ಗರ್ಲ್ ಸ್ಕೌಟ್ಸ್ ಸಂಸ್ಥೆಗೆ ಎರಡು ಸಲ ಅಧ್ಯಕ್ಷೆ ಆಗಿದ್ದಳು. ಅಪ್ಪನ ಜೊತೆ ಡೇರೆ ಹಾಕಿದವಳಿಗೆ ಅದು ಇಷ್ಟದ ಕೆಲಸ.

1929ರ ಮಾರ್ಚ್‌ನಲ್ಲಿ ಹರ್ಬರ್ಟ್ ಅಧ್ಯಕ್ಷನಾದ. ಲೂ ಶ್ವೇತಭವನಕ್ಕೆ ಬಂದಳು. ರೇಡಿಯೋದಲ್ಲಿ ನಿಯಮಿತವಾಗಿ ಮಾತಾಡಿದ ಮೊದಲ ಅಧ್ಯಕ್ಷ ಪತ್ನಿ ಅವಳೇ. ಧ್ವನಿ ಪಳಗಿಸಲು ಶ್ವೇತಭವನದಲ್ಲೇ ಒಂದು ಕೋಣೆಯಲ್ಲಿ ಉಪಕರಣ ಜೋಡಿಸಿಕೊಂಡು ಅಭ್ಯಾಸ ಮಾಡುತ್ತಿದ್ದಳು. ಹಳ್ಳಿಯ ಹುಡುಗ ಹುಡುಗಿಯರಿಗೆ ಮಾಡಿದ ಒಂದು ಭಾಷಣದಲ್ಲಿ, ಮನೆ ನಡೆಸುವುದರಲ್ಲಿ ಹುಡುಗರ ಪಾಲೂ ಹುಡುಗಿಯರಷ್ಟೇ ಇದೆ ಅಂದಿದ್ದಳು. 1929ರಲ್ಲಿ! ಆದರೆ ಪತ್ರಕರ್ತರಿಗೆ ಸಂದರ್ಶನ ಮಾತ್ರ ಕೊಡುತ್ತಿರಲಿಲ್ಲ. ಇನ್ನೊಂದು ಮಾತೂ ಹೇಳಬೇಕು. ಅಧ್ಯಕ್ಷರು ಬರುವ ಗಂಟೆ ಬಾರಿಸಿದರೆ ಆಳುಗಳು ಕಣ್ಣಿಗೆ ಬೀಳದಂತೆ ಮರೆಯಾಗಬೇಕಿತ್ತಂತೆ. ಊಟದ ಹೊತ್ತಿನಲ್ಲಿ ಅವರಿಗೆ ಎಲ್ಲವೂ ಕೈಸನ್ನೆಯಲ್ಲೇ ಅಪ್ಪಣೆ. ಇದು ನನಗೆ ಹಿಡಿಸಲಿಲ್ಲ.

ಆ ವರ್ಷದ ಜೂನ್ 12ರ ಒಂದು ಟೀ ಪಾರ್ಟಿಯ ಬಗ್ಗೆ ಹೇಳಲೇಬೇಕು. ಸಂಸತ್ ಸದಸ್ಯರ ಹೆಂಡತಿಯರನ್ನು ಅಧ್ಯಕ್ಷರ ಹೆಂಡತಿ ಟೀಗೆ ಕರೆಯುವುದು ಅಲ್ಲಿನ ಪದ್ಧತಿ. ಆ ಸಲ ಶಿಕಾಗೋದಿಂದ ಆಸ್ಕರ್ ಡಿಪ್ರೀಸ್ಟ್ ಗೆದ್ದು ಬಂದಿದ್ದರು. ಇಪ್ಪತ್ತನೇ ಶತಮಾನದಲ್ಲಿ ಅಮೆರಿಕ ಸಂಸತ್ತಿಗೆ ಆರಿಸಿ ಬಂದ ಮೊದಲ ಕಪ್ಪು ಜನಾಂಗದ ಸದಸ್ಯ. ಅವರ ಹೆಂಡತಿ ಜೆಸ್ಸಿ. ಎಲ್ಲರನ್ನೂ ಕರೆದು ಆಕೆಯೊಬ್ಬರನ್ನು ಬಿಟ್ಟರೆ ಅವಮಾನ. ಕರೆದರೆ ದಕ್ಷಿಣದ ರಾಜ್ಯಗಳ ಬಿಳಿಯರು ಸುಮ್ಮನಿರಲ್ಲ. ಪಕ್ಕದಲ್ಲಿ ಕೂರಬೇಕಾದ ಹೆಂಗಸರೇ ಎದ್ದು ಹೋದರೆ? ಪಂಕ್ತಿ ಅನ್ನುವ ಪದ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಲೂ ಏನು ಮಾಡಿದಳು ಅಂದರೆ, ಟೀ ಪಾರ್ಟಿಯನ್ನು ಹಲವು ದಿನಗಳಿಗೆ ಹಂಚಿದಳು. ಕೊನೆಯ ದಿನಕ್ಕೆ ಜೆಸ್ಸಿಯ ಹೆಸರು ಹಾಕಿ, ಯಾರು ಮರ್ಯಾದೆಯಿಂದ ನಡೆದುಕೊಳ್ಳುತ್ತಾರೆ ಅಂತ ಮೊದಲೇ ವಿಚಾರಿಸಿಕೊಂಡು ಅವರನ್ನಷ್ಟೇ ಆ ದಿನ ಕರೆದಳು. ಟೀ ಆಯಿತು. ಸುದ್ದಿ ಹೊರಗೆ ಬಂದ ಮೇಲೆ ಗದ್ದಲ ಎದ್ದಿತು. ಪತ್ರಿಕೆಗಳು ಉಗಿದವು. ಟೆಕ್ಸಾಸ್ ರಾಜ್ಯದ ಶಾಸನಸಭೆ ಆಕೆಯನ್ನು ಖಂಡಿಸಿ ನಿರ್ಣಯ ಮಾಡಿತು. ಒಂದು ಲೋಟ ಟೀಗೆ!

ಇದು ಧೈರ್ಯವೋ ಅಂಜಿಕೆಯೋ ಅಂತ ನಾನು ತುಂಬಾ ಸಲ ಯೋಚಿಸಿದ್ದೇನೆ. ಬೇರೆ ದಿನ ಇಟ್ಟು ಕರೆದದ್ದರಲ್ಲಿ ಅಂಜಿಕೆ ಇದೆ. ಆದರೆ ಅತಿಥಿಯಾಗಿ ಬರುವ ಹೆಣ್ಣುಮಗಳಿಗೆ ಅವಮಾನ ಆಗಬಾರದು ಅನ್ನುವ ಕಾಳಜಿಯೂ ಅದರಲ್ಲೇ ಇದೆ. ಎರಡನ್ನೂ ಬೇರೆ ಮಾಡಲು ನನಗಾಗಿಲ್ಲ. ಗದ್ದಲ ಎದ್ದಮೇಲೂ ಅವಳು ಸಮಜಾಯಿಷಿ ಕೊಡಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ.

ಅಕ್ಟೋಬರ್‌ನಲ್ಲಿ ಷೇರುಪೇಟೆ ಕುಸಿಯಿತು. ಮುಂದಿನ ಮೂರು ವರ್ಷ ಅಮೆರಿಕದ ಬಡತನದ ವರ್ಷಗಳು. 1933ರ ಹೊತ್ತಿಗೆ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸ ಇರಲಿಲ್ಲ. ತಗಡು, ರಟ್ಟಿನ ಗುಡಿಸಲುಗಳ ಕೇರಿಗಳಿಗೆ ಜನ ಹೂವರ್‌ವಿಲ್ ಅಂತ ಹೆಸರಿಟ್ಟರು. ಲೂಗೆ ರಾಶಿ ರಾಶಿ ಕಾಗದ ಬರುತ್ತಿದ್ದವು. ಕೋಟು ಬೇಕು, ಬಾಡಿಗೆ ಕಟ್ಟಬೇಕು, ಮಗುವಿಗೆ ಶೂ ಬೇಕು. ಪ್ರತಿಯೊಂದನ್ನೂ ಓದಿಸಿ, ಆ ಊರಿನ ಪರಿಚಯದವರಿಗೋ ಸಂಘದವರಿಗೋ ದಾಟಿಸುತ್ತಿದ್ದಳು. ಯಾರೂ ಸಿಗದಿದ್ದರೆ ತಾನೇ ದುಡ್ಡು ಕಳಿಸುತ್ತಿದ್ದಳು, ಎಷ್ಟೋ ಸಲ ಬೇರೆಯವರ ಕೈಯಿಂದ, ತನ್ನ ಹೆಸರು ಹೇಳದೆ. ವರ್ಜೀನಿಯಾದ ರ‍್ಯಾಪಿಡಾನ್ ಹೊಳೆಯ ಹತ್ತಿರ ಅವರ ಬೇಸಿಗೆ ಬಿಡಾರ ಇತ್ತು. ಆ ಗುಡ್ಡದ ಮಕ್ಕಳಿಗೆ ಶಾಲೆಯೇ ಇರಲಿಲ್ಲ. ಗಂಡ ಹೆಂಡತಿ ಸೇರಿ ಅಲ್ಲಿ ಒಂದು ಶಾಲೆ ಕಟ್ಟಿಸಿದರು. 1930ರಲ್ಲಿ ಅದು ಶುರುವಾಯಿತು.

ಇಲ್ಲಿ ನನಗೂ ಲೂಗೂ ಜಗಳ ಇದೆ. ಪಕ್ಕದ ಮನೆಯವರು ಪಕ್ಕದ ಮನೆಯವರಿಗೆ ಆದರೆ ಸಾಕು ಅಂತ ಅವಳು ನಂಬಿದ್ದಳು. ರೇಡಿಯೋದಲ್ಲೂ ಅದನ್ನೇ ಹೇಳಿದಳು. ಬೀದಿಗೆ ಬೀದಿಯೇ ಕೆಲಸ ಕಳೆದುಕೊಂಡಿರುವಾಗ ಪಕ್ಕದ ಮನೆಯವರು ಏನು ಕೊಟ್ಟಾರು? ಬರಗಾಲದಲ್ಲಿ ಗಂಜಿ ಕೇಂದ್ರವನ್ನು ಸರ್ಕಾರವೇ ತೆರೆಯಬೇಕಾಗುತ್ತೆ. 1932ರ ಚುನಾವಣೆಯಲ್ಲಿ ಹರ್ಬರ್ಟ್ ಸೋತ. ರೂಸ್ವೆಲ್ಟ್ ಗೆದ್ದ. ಹೊಸ ಅಧ್ಯಕ್ಷರ ಹೆಂಡತಿ ಎಲಿನಾರ್ ಬಂದವರೇ ಪತ್ರಿಕಾಗೋಷ್ಠಿ ಶುರುಮಾಡಿದರು. ಲೂ ಹೆಸರು ಮರೆಯಾಯಿತು. ಅವಳು ತಾನು ಕಳಿಸಿದ ದುಡ್ಡಿನ ಲೆಕ್ಕವನ್ನು ಆಗಲಾದರೂ ಹೊರಗೆ ಹಾಕಿದ್ದರೆ, ಹೂವರ್ ದಂಪತಿ ಕಲ್ಲೆದೆಯವರು ಅಂತ ಜನ ಆಡುತ್ತಿದ್ದ ಮಾತು ಸ್ವಲ್ಪ ತಗ್ಗುತ್ತಿತ್ತೇನೋ. ಹಾಕಲಿಲ್ಲ.

1944ರ ಜನವರಿ 7ರಂದು ನ್ಯೂಯಾರ್ಕಿನಲ್ಲಿ ಹೃದಯಾಘಾತದಿಂದ ತೀರಿಕೊಂಡಳು. ಆಮೇಲೆ ಅವಳ ಕಾಗದಪತ್ರ ತೆಗೆದಾಗ ಚೆಕ್ಕುಗಳು ಸಿಕ್ಕವು. ಕಷ್ಟದಲ್ಲಿ ಅವಳಿಂದ ಸಾಲ ತೆಗೆದುಕೊಂಡವರು ಮರ್ಯಾದೆಯಿಂದ ವಾಪಸ್ ಕಳಿಸಿದ್ದ ಚೆಕ್ಕುಗಳು. ಒಂದನ್ನೂ ಬ್ಯಾಂಕಿಗೆ ಹಾಕಿರಲಿಲ್ಲ. ಬೇಡ ಅಂತ ತಿರುಗಿಸಿದರೆ ಕೊಟ್ಟವರಿಗೆ ನೋವು. ಹಾಗಾಗಿ ತೆಗೆದುಕೊಂಡು ಸುಮ್ನೆ ಇಟ್ಟಿದ್ದಳು. ಗಂಡನಿಗೂ ಈ ವಿಷಯ ಪೂರ್ತಿ ಗೊತ್ತಿರಲಿಲ್ಲ. ಅವಳ ಕಾಗದಪತ್ರಗಳು ಓದುಗರಿಗೆ ಸಿಕ್ಕಿದ್ದು 1985ರಲ್ಲಿ. ಅಲ್ಲಿಯವರೆಗೆ ಲೂ ಬಗ್ಗೆ ಬರೆಯಲು ಯಾರಿಗೂ ಸಾಮಗ್ರಿಯೇ ಇರಲಿಲ್ಲ ಅನ್ನಬಹುದು.

ಮಾತು ಮುಗಿದಮೇಲೆ ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ, "ಮೇಡಂ, ಆ ಪುಸ್ತಕ ಈಗಲೂ ಸಿಗುತ್ತಾ?" ಅಂತ ಕೇಳಿದಳು. ಸಿಗುತ್ತೆ ಮಗು. 1950ರಲ್ಲಿ ಮತ್ತೆ ಅಚ್ಚಾಯಿತು. ಗಣಿ ಆಫೀಸಿನಲ್ಲಿ ನಾನು ನೋಡಿದ್ದು ಆ ಮುದ್ರಣ. ಈಗ ಅಂತರ್ಜಾಲದಲ್ಲಿ ದುಡ್ಡು ಕೊಡದೆ ಓದಬಹುದು. ಎಂಟನೇ ಭಾಗ ತೆಗೆದು ನೋಡು. ಉದ್ದದ ಮೇಜಿನ ಮುಂದೆ ಹೆಂಗಸರು ಅದಿರು ಆರಿಸುತ್ತಿರುವ ಚಿತ್ರ ಇದೆ. ನಮ್ಮಲ್ಲಿ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ, ಒಳ್ಳೆಯದು ಒಂದು ಕಡೆ, ಜೊಳ್ಳು ಇನ್ನೊಂದು ಕಡೆ. ಈ ಕೆಲಸವನ್ನು ಗಂಡಸರಷ್ಟೇ ಅಲ್ಲ, ಹುಡುಗರೂ ಹೆಂಗಸರೂ ಮಾಡುತ್ತಾರೆ ಅಂತ ಅಗ್ರಿಕೋಲಾ ಬರೆದಿದ್ದಾನೆ, 1556ರಲ್ಲಿ. ಹುಡುಗರು ಕೇಜಿನಿಂದ ಮೇಲೆ ಬಂದು ನಮ್ಮನ್ನು ಕೂಗಿದಾಗ ನಾನೂ ನನ್ನ ಗೆಳತಿಯೂ ಅದೇ ಪುಟ ನೋಡುತ್ತಿದ್ದೆವು.